ಕಿರಣದ ಬುಡ ನೋಡಿ: ಕೆರೆ ನೀರಿನ ಹೀಲಿಯೋಜೋವಾ ಗುರುತಿಸುವ ಬಗೆ

ಕೆರೆ ನೀರಿನ ಹನಿಯಲ್ಲಿ ದುಂಡಗಿನ ಒಂದು ಏಕಕೋಶ ಜೀವಿ, ಸುತ್ತಲೂ ನೆಟ್ಟಗೆ ಚಾಚಿದ ಕಿರಣಗಳು. ಇಂಥವನ್ನೆಲ್ಲ ಹೀಲಿಯೋಜೋವಾ ಅನ್ನುವುದು ರೂಢಿ. ಮೈಕ್ರೋಸ್ಕೋಪ್ ಕೆಳಗೆ ಇಂಥದ್ದು ಕಂಡ ಕೂಡಲೇ ಫೋಟೊ ಹೊಡೆದು, "ಮೇಡಂ, ಇದು ಆಕ್ಟಿನೋಫ್ರಿಸ್ ಅಲ್ವಾ?" ಎಂದು ನನಗೆ ಕಳಿಸುವ ಹುಡುಗರು ಜಾಸ್ತಿ. ಕೆಲವೊಮ್ಮೆ ಹೌದು. ಎಷ್ಟೋ ಸಲ ಅಲ್ಲ. ಫೋಟೊ ಚೆನ್ನಾಗಿಯೇ ಇರುತ್ತದೆ. ಆದರೆ ಎಲ್ಲರೂ ಫೋಕಸ್ ಮಾಡುವುದು ಕಿರಣಗಳ ತುದಿಗೆ. ಹೆಸರು ಹೇಳಲು ನನಗೆ ಬೇಕಾಗಿರುವುದು ಬುಡ. ಕಿರಣ ಕೋಶದೊಳಗೆ ಎಲ್ಲಿಂದ ಹೊರಡುತ್ತದೆ? ನ್ಯೂಕ್ಲಿಯಸ್ಸಿನ ಮೇಲಿಂದಲೋ, ನಟ್ಟನಡುವಿನ ಒಂದು ಚುಕ್ಕೆಯಿಂದಲೋ, ಅಥವಾ ಒಳಗೆಲ್ಲೋ ಸುಮ್ನೆ ಶುರುವಾಗುತ್ತದೋ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಾನು ಶಿವಮೊಗ್ಗ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಲ್ಯಾಬ್‌ನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲ, ಬರುವ ಲಕ್ಷಣವೂ ಇಲ್ಲ. ಇಲ್ಲಿ ಹೇಳಿರುವ ಕೆಲಸಗಳೆಲ್ಲ ಸಾಮಾನ್ಯ ಸ್ಟೂಡೆಂಟ್ ಮೈಕ್ರೋಸ್ಕೋಪ್, ಮನೆಯ ಫ್ರಿಜ್, ಸ್ವಲ್ಪ ತಾಳ್ಮೆ ಇದ್ದರೆ ಆಗುವಂಥವು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರ ಓದುವುದು ಹೇಗೆ ಅನ್ನುವುದನ್ನೂ ನಡುವೆ ಹೇಳುತ್ತೇನೆ. ಯಾಕೆಂದರೆ ಇವುಗಳ ವರ್ಗೀಕರಣದ ಜಗಳ ಮೊದಲು ಶುರುವಾಗಿದ್ದೇ ಆ ಚಿತ್ರಗಳಿಂದ.

ಇದು ಒಂದು ಗುಂಪಲ್ಲ

1866ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಇಂಥ ಜೀವಿಗಳನ್ನೆಲ್ಲ ಸೇರಿಸಿ ಹೀಲಿಯೋಜೋವಾ ಎಂಬ ಹೆಸರಿಟ್ಟ. ಹಳೆಯ ಪಠ್ಯಪುಸ್ತಕಗಳಲ್ಲಿ ಇವು ರೇಡಿಯೋಲೇರಿಯಾ ಎಂಬ ಸಮುದ್ರದ ಏಕಕೋಶ ಜೀವಿಗಳ ಜೊತೆ ಆಕ್ಟಿನೋಪೋಡಾ ಅನ್ನುವ ತಲೆಬರಹದ ಕೆಳಗೆ ಸಿಗುತ್ತವೆ. ನಾನು ಓದಿದ್ದೂ ಹಾಗೆಯೇ. ಈಗ ಆ ಮನೆ ಒಡೆದಿದೆ. 1970ರ ದಶಕದಿಂದಲೇ ಕಿರಣಗಳ ಒಳರಚನೆ ನೋಡಿದವರಿಗೆ ಇವೆಲ್ಲ ಒಂದೇ ವಂಶದವಲ್ಲ ಎಂಬ ಅನುಮಾನ ಬಂದಿತ್ತು. 2004ರಲ್ಲಿ ಜೀನ್ ಹೋಲಿಕೆ ಮಾಡಿದವರು ಆ ಅನುಮಾನವನ್ನು ಗಟ್ಟಿ ಮಾಡಿದರು.

ಇವತ್ತಿನ ಲೆಕ್ಕ ಹೀಗಿದೆ. ಆಕ್ಟಿನೋಫ್ರಿಸ್, ಆಕ್ಟಿನೋಸ್ಫೇರಿಯಂ ಇವು ಸ್ಟ್ರಾಮಿನೋಪೈಲ್ ಬಳಗ, ಅಂದರೆ ಡಯಾಟಮ್ ಮತ್ತು ಸಮುದ್ರದ ಕಂದು ಪಾಚಿಗಳ ಕಡೆಯವು. ಅಕಾಂಥೋಸಿಸ್ಟಿಸ್, ರಾಫಿಡಿಯೋಫ್ರಿಸ್ ಮುಂತಾದ ಸೆಂಟ್ರೋಹೀಲಿಡ್‌ಗಳು ಹ್ಯಾಪ್ಟೋಫೈಟ್ ಎಂಬ ಪಾಚಿಗಳ ನೆಂಟರು; ಎರಡನ್ನೂ ಸೇರಿಸಿ ಹ್ಯಾಪ್ಟಿಸ್ಟಾ ಅನ್ನುತ್ತಾರೆ. ಕಾಂಡದ ಮೇಲೆ ಜಾಲರಿ ಚಿಪ್ಪು ಕಟ್ಟಿಕೊಂಡು ಕೂರುವ ಕ್ಲಾತ್ರುಲೈನಾ ರೈಜೇರಿಯಾ ಎಂಬ ಇನ್ನೊಂದು ದೊಡ್ಡ ಬಳಗಕ್ಕೆ ಹೋಯಿತು. ಅಲ್ಲಿ ಅದಕ್ಕೆ ಚಿಪ್ಪಿನ ಏಕಕೋಶ ಜೀವಿಗಳಾದ ಫೊರಾಮಿನಿಫೆರಾ ಮತ್ತು ರೇಡಿಯೋಲೇರಿಯಾಗಳ ಜೊತೆ. ಇನ್ನು ಕೆಲವು ಕಿರಣವಿದ್ದಂತೆ ಕಾಣುತ್ತವೆ ಅಷ್ಟೆ. ಅವು ಶಿಲೀಂಧ್ರಗಳ ಕಡೆಯ ಕೊಂಬೆಯವು. ಒಂದೇ ಹನಿಯಲ್ಲಿ ಅಕ್ಕಪಕ್ಕ ಕೂತ ಎರಡು ದುಂಡು ಜೀವಿಗಳ ನಡುವಿನ ವಂಶದ ದೂರ, ನಮಗೂ ಅಣಬೆಗೂ ಇರುವ ದೂರಕ್ಕಿಂತ ಹೆಚ್ಚಿರಬಹುದು.

ಹಾಗಾದರೆ ಹೊರಗಿನ ಆಕಾರ ಯಾಕೆ ಇಷ್ಟು ಒಂದೇ ತರ? ನೀರಲ್ಲಿ ಕೂತಲ್ಲೇ ಬೇಟೆ ಹಿಡಿಯಬೇಕಾದರೆ ಎಲ್ಲ ದಿಕ್ಕಿಗೂ ಉದ್ದ ಕೈ ಚಾಚುವುದು ಒಳ್ಳೆಯ ಉಪಾಯ. ಬೇರೆ ಬೇರೆ ವಂಶಗಳು ಈ ಉಪಾಯವನ್ನು ತಮ್ಮಷ್ಟಕ್ಕೆ ಕಂಡುಕೊಂಡಿವೆ. ಕೈ ನೆಟ್ಟಗೆ ನಿಲ್ಲಲು ಒಳಗೊಂದು ಗಟ್ಟಿ ದಿಂಡು ಬೇಕಲ್ಲ, ಅದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ರೀತಿ ಕಟ್ಟಿದ್ದಾರೆ. ಗುರುತು ಸಿಗುವುದು ಅಲ್ಲಿಯೇ.

ಆ ದಿಂಡಿನ ಹೆಸರು ಆಕ್ಸೋನೀಮ್. ಅದು ಮೈಕ್ರೋಟ್ಯೂಬ್ಯೂಲ್‌ಗಳ ಕಟ್ಟು. ಒಂದೊಂದು ಮೈಕ್ರೋಟ್ಯೂಬ್ಯೂಲ್ ಸುಮಾರು 25 ನ್ಯಾನೋಮೀಟರ್ ದಪ್ಪದ ಟೊಳ್ಳು ನಳಿಕೆ. ಟ್ಯೂಬ್ಯುಲಿನ್ ಅನ್ನುವ ಪ್ರೋಟೀನ್ ತುಣುಕುಗಳು ಸಾಲಾಗಿ ಜೋಡಿಸಿಕೊಂಡು, ಸಾಮಾನ್ಯವಾಗಿ ಅಂಥ 13 ಸಾಲುಗಳು ಸೇರಿ, ಒಂದು ನಳಿಕೆ ಆಗುತ್ತದೆ. ನಮ್ಮ ನಿಮ್ಮ ಕೋಶಗಳಲ್ಲಿ ಕ್ರೋಮೋಸೋಮ್ ಎಳೆಯುವುದೂ ಇದೇ ನಳಿಕೆ. ಇಂಥ ಕಟ್ಟಿನ ಸುತ್ತ ತೆಳ್ಳನೆಯ ಸೈಟೋಪ್ಲಾಸಂ, ಅದರ ಮೇಲೆ ಪೊರೆ. ಎಲ್ಲ ಸೇರಿ ಒಂದು ಆಕ್ಸೋಪೋಡಿಯಂ. ನಾನು ಸುಲಭಕ್ಕೆ ಕಿರಣ ಅನ್ನುತ್ತೇನೆ.

ನೀರು ತರುವುದು

ಮಳೆಗಾಲದ ಕೆಂಪು ನೀರು ಬೇಡ. ಮಳೆ ನಿಂತು ಕೆರೆ ತಿಳಿಯಾದ ಮೇಲೆ ಹೋಗಿ. ನಡುಕೆರೆಯ ತಿಳಿನೀರು ತಂದರೆ ಏನೂ ಸಿಗುವುದಿಲ್ಲ. ನಿಮಗೆ ಬೇಕಾಗಿರುವುದು ದಡದ ಹತ್ತಿರ ನೀರೊಳಗೆ ಬೆಳೆದ ಗಿಡ: ಹೈಡ್ರಿಲ್ಲಾ, ಸೆರಟೋಫಿಲಂ, ಇಲ್ಲವಾದರೆ ಕೊಳೆತ ತಾವರೆ ಎಲೆಯ ಅಡಿಭಾಗ. ಅಗಲ ಬಾಯಿಯ ಗಾಜಿನ ಬಾಟಲಿಯೊಳಗೆ ಗಿಡವನ್ನು ಮೆಲ್ಲಗೆ ಹಿಂಡಿ. ಹಿಂಡಿದ ಕಸ, ಪಾಚಿ, ಸ್ವಲ್ಪ ಕೆರೆ ನೀರು. ಬಾಟಲಿಯ ಅರ್ಧ ಖಾಲಿ ಇರಲಿ, ಗಾಳಿ ಬೇಕು. ಮುಚ್ಚಳ ಬಿಗಿ ಮಾಡಬೇಡಿ.

ಮನೆಗೆ ತಂದು ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡಿ. ತಂದ ದಿನವೇ ನೋಡಿದರೆ ಮೈಮೇಲಿನ ಸಣ್ಣ ರೋಮ ಬೀಸಿ ಓಡಾಡುವ ಗಡಿಬಿಡಿಯ ಸಿಲಿಯೇಟ್‌ಗಳೇ ಕಣ್ಣಿಗೆ ಬೀಳುವುದು. ನಾಲ್ಕೈದು ದಿನ ಬಿಟ್ಟರೆ ನೀರು ಸಮಾಧಾನವಾಗುತ್ತದೆ. ಆಮೇಲೆ ಕಪ್ಪು ರಟ್ಟೊಂದನ್ನು ಬಾಟಲಿಯ ಹಿಂದೆ ಹಿಡಿದು, ಪಕ್ಕದಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಗಾಜಿನ ಗೋಡೆಯ ಮೇಲೆ, ಎಲೆಯ ಅಂಚಿನಲ್ಲಿ ಬಿಳಿ ಚುಕ್ಕೆ ಅಲುಗಾಡದೆ ಕೂತಿದ್ದರೆ ಅದು ಆಕ್ಟಿನೋಸ್ಫೇರಿಯಂ ಇರಬಹುದು. ಅದು ಒಂದು ಮಿಲಿಮೀಟರ್ ತನಕ ಬೆಳೆಯುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಉಳಿದವಕ್ಕೆ ಮೈಕ್ರೋಸ್ಕೋಪ್ ಬೇಕೇ ಬೇಕು. ಕಾಗದದ ಫೋಲ್ಡ್‌ಸ್ಕೋಪ್ ಇದ್ದರೂ ದೊಡ್ಡವನ್ನು ಗುರುತಿಸಬಹುದು. ಬುಡ ನೋಡಲು ಮಾತ್ರ ಅದು ಸಾಲುವುದಿಲ್ಲ.

ನಲ್ಲಿ ನೀರು ಸೇರಿಸಲೇಬೇಡಿ. ಕ್ಲೋರಿನ್ ಇವುಗಳಿಗೆ ಆಗಿಬರುವುದಿಲ್ಲ. ನೀರು ಕಮ್ಮಿ ಆದರೆ ಅದೇ ಕೆರೆಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಹಾಕಿ.

ಸ್ಲೈಡ್ ಮಾಡುವುದು

ಮಾಮೂಲಿ ಸ್ಲೈಡ್ ಮೇಲೆ ಹನಿ ಹಾಕಿ ಕವರ್‌ಸ್ಲಿಪ್ ಮುಚ್ಚಿದರೆ ಹೀಲಿಯೋಜೋವಾ ಅಪ್ಪಚ್ಚಿ ಆಗುತ್ತದೆ. ಕವರ್‌ಸ್ಲಿಪ್ಪಿನ ನಾಲ್ಕು ಮೂಲೆಗೆ ಬೆರಳ ತುದಿಯಿಂದ ವ್ಯಾಸಲೀನ್ ಚುಕ್ಕೆ ಇಟ್ಟು, ಆಮೇಲೆ ಹನಿಯ ಮೇಲೆ ಇಳಿಸಿ. ಮೂಲೆಗಳು ಕಂಬದ ಕೆಲಸ ಮಾಡುತ್ತವೆ. ಇದರ ಇನ್ನೊಂದು ಲಾಭ ಏನೆಂದರೆ, ಬೇಕೆಂದಾಗ ಮೂಲೆಗಳನ್ನು ಪೆನ್ಸಿಲ್ಲಿನಿಂದ ಒಂಚೂರು ಒತ್ತಿ ಜೀವಿಯನ್ನು ನಿಧಾನಕ್ಕೆ ಚಪ್ಪಟೆ ಮಾಡಬಹುದು. ಬುಡ ಕಾಣುವುದು ಹೀಗೆ ಚಪ್ಪಟೆ ಆಗುವ ಹೊತ್ತಿನಲ್ಲಿಯೇ. ಮೊದಲೇ ಒತ್ತಬೇಡಿ. ಹನಿ ಹಾಕಿದ ಮೇಲೆ ಹತ್ತು ನಿಮಿಷ ಸ್ಲೈಡನ್ನು ಹಾಗೇ ಬಿಡಿ. ಡ್ರಾಪರ್‌ನಲ್ಲಿ ಎಳೆದಾಡಿದ ಏಟಿಗೆ ಎಷ್ಟೋ ಜೀವಿಗಳು ಕಿರಣ ಒಳಗೆಳೆದುಕೊಂಡಿರುತ್ತವೆ. ಸುಧಾರಿಸಿಕೊಂಡು ಮತ್ತೆ ಚಾಚುತ್ತವೆ.

ಬೆಳಕಿನ ವಿಚಾರ. ಕಂಡೆನ್ಸರ್ ಕೆಳಗಿನ ಡಯಾಫ್ರಮ್ ಪೂರ್ತಿ ತೆರೆದಿಟ್ಟರೆ ಕಿರಣ ಕಾಣುವುದೇ ಇಲ್ಲ, ಬರೀ ಬೆಳಕಿನ ಹೊಳೆ. ಅದನ್ನು ಮುಚ್ಚುತ್ತಾ ಬನ್ನಿ. ಒಂದು ಹಂತದಲ್ಲಿ ಕಿರಣಗಳು ತಟ್ಟನೆ ಮೂಡುತ್ತವೆ. ಅಲ್ಲಿಗೆ ನಿಲ್ಲಿಸಿ.

ಅಳತೆ ತೆಗೆದುಕೊಳ್ಳದೆ ಹೆಸರು ಹೇಳಲು ಹೋಗಬಾರದು. ಐಪೀಸ್‌ನಲ್ಲಿ ಸ್ಕೇಲ್ ಇಲ್ಲದಿದ್ದರೂ ಲೆಕ್ಕ ಸುಲಭ. ಐಪೀಸ್ ಮೇಲೆ 10 ಮತ್ತು 18 ಎಂದು ಬರೆದಿರುತ್ತದೆ ಅಂದುಕೊಳ್ಳಿ. ಆ 18ನ್ನು ಆಬ್ಜೆಕ್ಟಿವ್‌ನ ಅಂಕಿಯಿಂದ ಭಾಗಿಸಿ. 40ರ ಲೆನ್ಸ್‌ನಲ್ಲಿ ಕಾಣುವ ವೃತ್ತದ ಅಗಲ 0.45 ಮಿಲಿಮೀಟರ್, ಅಂದರೆ 450 ಮೈಕ್ರಾನ್. 10ರ ಲೆನ್ಸ್‌ನಲ್ಲಿ 1.8 ಮಿಲಿಮೀಟರ್. ಜೀವಿ 40ರ ಲೆನ್ಸ್‌ನಲ್ಲಿ ವೃತ್ತದ ಹತ್ತನೇ ಒಂದು ಭಾಗ ಹಿಡಿದರೆ ಅದು 45 ಮೈಕ್ರಾನ್. ಕಿರಣಗಳನ್ನು ಬಿಟ್ಟು ಮೈ ಮಾತ್ರ ಅಳೆಯಿರಿ.

ನೋಡುವ ಕ್ರಮ

10ರ ಲೆನ್ಸ್‌ನಲ್ಲಿ ಹುಡುಕಿ, 40ರಲ್ಲಿ ನೋಡಿ. ಫೋಕಸ್ ಅನ್ನು ಮೇಲಿನ ಕಿರಣದಿಂದ ಶುರು ಮಾಡಿ, ಸಣ್ಣ ಸ್ಕ್ರೂ ತಿರುಗಿಸುತ್ತಾ ಮೈಯೊಳಗೆ ಇಳಿಯಿರಿ. ಒಂದು ಕಿರಣವನ್ನು ಆರಿಸಿಕೊಳ್ಳಿ. ಅದನ್ನೇ ಹಿಡಿದು ಒಳಗೆ ಹೋಗಿ. ಹತ್ತಾರು ಕಿರಣಗಳನ್ನು ಒಟ್ಟಿಗೆ ನೋಡಿದರೆ ಯಾವುದರ ಬುಡವೂ ಸಿಗುವುದಿಲ್ಲ.

ಮೊದಲು ನ್ಯೂಕ್ಲಿಯಸ್. ಅದು ಸರಿಯಾಗಿ ನಡುವೆ ಇದೆಯೇ? ಒಂದೇ ಇದೆಯೇ? 40ರಿಂದ 50 ಮೈಕ್ರಾನ್ ಮೈ, ನಡುವೆ ದೊಡ್ಡದೊಂದು ನ್ಯೂಕ್ಲಿಯಸ್, ಕಿರಣದ ದಿಂಡು ಹಾಗೇ ಒಳಗೆ ಇಳಿದು ನ್ಯೂಕ್ಲಿಯಸ್ಸಿನ ಪೊರೆಗೇ ಬಂದು ತಾಗುತ್ತದೆ ಅಂದರೆ ಅದು ಆಕ್ಟಿನೋಫ್ರಿಸ್ ಸೋಲ್. ಇದರಲ್ಲಿ ಇನ್ನೊಂದು ಗುರುತು, ನೋಡಲು ಖುಷಿ ಕೊಡುವಂಥದ್ದು. ಮೈಯ ಅಂಚಿನಲ್ಲಿ ಒಂದು ಗುಳ್ಳೆ ನಿಧಾನಕ್ಕೆ ಉಬ್ಬುತ್ತಾ ಹೊರಗೆ ಚಾಚುತ್ತದೆ, ಇನ್ನೇನು ಒಡೆಯಿತು ಅನ್ನುವಷ್ಟರಲ್ಲಿ ಪಟ್ಟನೆ ಕುಸಿಯುತ್ತದೆ. ಅದು ನೀರು ಹೊರಹಾಕುವ ಕಾಂಟ್ರಾಕ್ಟೈಲ್ ವ್ಯಾಕ್ಯೂಲ್. ಸ್ವಲ್ಪ ಹೊತ್ತಿಗೆ ಅಲ್ಲೇ ಮತ್ತೆ ಉಬ್ಬುತ್ತದೆ.

ಮೈ 200 ಮೈಕ್ರಾನ್‌ಗಿಂತ ದೊಡ್ಡದು, ಅಂಚಿನ ಸುತ್ತ ದೊಡ್ಡ ದೊಡ್ಡ ತಿಳಿ ಗುಳ್ಳೆಗಳ ಪಟ್ಟಿ, ಒಳಗೆ ಮಬ್ಬಾದ ಕಣಕಣ ಭಾಗ ಇದ್ದರೆ ಆಕ್ಟಿನೋಸ್ಫೇರಿಯಂ. ಒಳಗಿನ ಭಾಗದಲ್ಲಿ ನ್ಯೂಕ್ಲಿಯಸ್ ಒಂದಲ್ಲ, ತುಂಬಾ. ಇಲ್ಲಿ ದಿಂಡು ಗುಳ್ಳೆಗಳ ಪಟ್ಟಿ ದಾಟಿ ಒಳಭಾಗಕ್ಕೆ ಬಂದು ಅಲ್ಲೇ ಕೊನೆಯಾಗುತ್ತದೆ. ಎಲ್ಲ ದಿಂಡೂ ಒಂದೇ ನಡುಬಿಂದುವಿಗೆ ಹೋಗುವುದಿಲ್ಲ. ಬುಡದ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಜೀವಿ ಇಲ್ಲ. ದಿಂಡು ದಪ್ಪ, ಗುಳ್ಳೆಗಳ ನಡುವೆ ಗೆರೆ ಎಳೆದಂತೆ ಕಾಣುತ್ತದೆ.

ಇನ್ನು ಸೆಂಟ್ರೋಹೀಲಿಡ್‌ಗಳು. ನನ್ನ ಪ್ರಕಾರ ಹುಡುಗರು ತಪ್ಪು ಹೆಸರು ಕೊಡುವುದು ಇವುಗಳಿಗೇ ಜಾಸ್ತಿ. ಕಿರಣ ತೀರ ತೆಳು, ಉದ್ದಕ್ಕೂ ಅಲ್ಲಲ್ಲಿ ಹೊಳೆಯುವ ಪುಟ್ಟ ಕಣಗಳು. ಆ ಕಣಗಳಲ್ಲಿ ಬೇಟೆ ಹಿಡಿಯಲು ಹೊರಚಿಮ್ಮುವ ಕೈನೆಟೋಸಿಸ್ಟ್‌ಗಳಿವೆ. ಕಾದು ನೋಡಿದರೆ ಅವು ಕಿರಣದ ಮೇಲೆ ಒಮ್ಮೆ ಹೊರಕ್ಕೆ, ಒಮ್ಮೆ ಒಳಕ್ಕೆ ಜಾರುವುದು ಕಾಣುತ್ತದೆ. ಮೈ ಸುತ್ತ ಎಷ್ಟೋ ಜಾತಿಗಳಲ್ಲಿ ಸಿಲಿಕಾದ ಚಕ್ಕೆಗಳು, ಮುಳ್ಳುಗಳು. ಅಕಾಂಥೋಸಿಸ್ಟಿಸ್‌ನಲ್ಲಿ ಮುಳ್ಳು ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮುಳ್ಳು ಯಾವುದು, ಕಿರಣ ಯಾವುದು ಅನ್ನುವ ಗೊಂದಲ ಮಾಮೂಲು. ಮುಳ್ಳು ಚಿಕ್ಕದು, ಅದರ ಮೇಲೆ ಕಣ ಓಡಾಡುವುದಿಲ್ಲ. ಅಕಾಂಥೋಸಿಸ್ಟಿಸ್ ಟರ್ಫೇಶಿಯಾ ಮೈಯೊಳಗೆ ಹಸಿರು ಪಾಚಿ ಸಾಕಿಕೊಂಡು ಪೂರ್ತಿ ಹಸಿರಾಗಿರುತ್ತದೆ.

ಈಗ ಪೆನ್ಸಿಲ್ಲಿನಿಂದ ಮೂಲೆ ಒತ್ತಿ. ಸೆಂಟ್ರೋಹೀಲಿಡ್ ಆದರೆ ನ್ಯೂಕ್ಲಿಯಸ್ ಒಂದು ಪಕ್ಕಕ್ಕೆ ಸರಿದಿರುವುದು ಕಾಣುತ್ತದೆ. ನಡುವಿನ ಜಾಗದಲ್ಲಿ ಸಣ್ಣದೊಂದು ಚುಕ್ಕೆ. ದಿಂಡುಗಳೆಲ್ಲ ಆ ಚುಕ್ಕೆಯ ಕಡೆಗೇ ಬರುತ್ತವೆ. ಅದೇ ಸೆಂಟ್ರೋಪ್ಲಾಸ್ಟ್. ಹೆಚ್ಚಿನ ಮೈಕ್ರೋಸ್ಕೋಪ್‌ಗಳಲ್ಲಿ ಅದು ಮಸುಕು ಚುಕ್ಕೆಯಷ್ಟೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಮೂರು ಪದರದ ಬಿಲ್ಲೆ. ಚುಕ್ಕೆ ಕಾಣದಿದ್ದರೂ ಗಾಬರಿ ಬೇಡ. ನ್ಯೂಕ್ಲಿಯಸ್ ಪಕ್ಕಕ್ಕಿದ್ದು, ಕಿರಣಗಳು ಅದನ್ನು ಲೆಕ್ಕಿಸದೆ ನಡುವಿಗೇ ಗುರಿ ಇಟ್ಟಿದ್ದರೆ ಸಾಕು, ಅದು ಆಕ್ಟಿನೋಫ್ರಿಸ್ ಅಲ್ಲ.

ಕ್ಲಾತ್ರುಲೈನಾಕ್ಕೆ ಇಷ್ಟು ಕಷ್ಟವಿಲ್ಲ. ಕಾಂಡ, ಅದರ ಮೇಲೆ ತೂತುತೂತಿನ ದುಂಡು ಗೂಡು, ಗೂಡಿನ ತೂತುಗಳಿಂದ ಹೊರಬಂದ ಕಿರಣ. ಹಳೆಯದಾದರೆ ಗೂಡು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಎಷ್ಟೋ ಸಲ ಒಳಗೆ ಯಾರೂ ಇರುವುದಿಲ್ಲ.

ಸಮುದ್ರದ ಕಡೆಯವರು ಪ್ಲಾಂಕ್ಟನ್ ಬಲೆ ಎಳೆಯುವ ಅವಕಾಶ ಇದ್ದರೆ ಸ್ಟಿಕೋಲಾಂಕೆ ಹುಡುಕಿ. ಅದು ತನ್ನ ಕಿರಣಗಳನ್ನು ದೋಣಿಯ ಹುಟ್ಟಿನಂತೆ ಬೀಸಿ ನೀರಲ್ಲಿ ಸಾಗುತ್ತದೆ. ಕಿರಣಗಳ ಬುಡ ನ್ಯೂಕ್ಲಿಯಸ್ಸಿನ ಪೊರೆಯ ಮೇಲಿನ ಗುಳಿಗಳಲ್ಲಿ ಕೂತಿರುತ್ತದೆ. ವಂಶ ರೈಜೇರಿಯಾ. ನನಗೆ ಅದನ್ನು ಜೀವಂತವಾಗಿ ನೋಡುವ ಆಸೆ ಇನ್ನೂ ಬಾಕಿ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರ ಓದುವುದು

ಮಾಮೂಲಿ ಮೈಕ್ರೋಸ್ಕೋಪ್ 200 ನ್ಯಾನೋಮೀಟರ್‌ಗಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ನಳಿಕೆ 25 ನ್ಯಾನೋಮೀಟರ್. ಹಾಗಾಗಿ ನೀವು ನೋಡುವುದು ಕಟ್ಟನ್ನು ಮಾತ್ರ, ಬಿಡಿ ನಳಿಕೆಯನ್ನಲ್ಲ. ನಳಿಕೆಗಳ ಜೋಡಣೆ ನೋಡಬೇಕಾದರೆ ಕಿರಣವನ್ನು ಅಡ್ಡಕ್ಕೆ ಕತ್ತರಿಸಿದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಬೇಕು. ಅಂಥ ಚಿತ್ರ ಕೈಗೆ ಸಿಕ್ಕಾಗ ಮೊದಲು ಸ್ಕೇಲ್ ಗೆರೆ ನೋಡಿ. ಚಿತ್ರದ ಪುಟ್ಟ ಉಂಗುರ ಸುಮಾರು 25 ನ್ಯಾನೋಮೀಟರ್ ಇಲ್ಲದಿದ್ದರೆ ಅದು ಮೈಕ್ರೋಟ್ಯೂಬ್ಯೂಲ್ ಅಲ್ಲ.

ಆಕ್ಟಿನೋಸ್ಫೇರಿಯಂನ ಚಿತ್ರವಾದರೆ ಬೇಗ ಗೊತ್ತಾಗುತ್ತದೆ. ಚಕ್ಕುಲಿ ಒತ್ತುವಾಗ ಎರಡು ಎಳೆ ಒಟ್ಟಿಗೆ ಬಿದ್ದು ಜೊತೆಜೊತೆಗೆ ಸುತ್ತಿಕೊಂಡರೆ ಹೇಗಿರುತ್ತದೋ ಹಾಗೆ, ಉಂಗುರಗಳ ಎರಡು ಸಾಲು ಒಂದರೊಳಗೊಂದು ಸುರುಳಿ ಸುತ್ತಿರುತ್ತದೆ. ಬೆರಳಿಟ್ಟು ಹೊರಗಿನಿಂದ ಒಂದು ಸಾಲನ್ನು ಹಿಂಬಾಲಿಸಿ ನೋಡಿ, ನಡುವಿಗೆ ಮುಟ್ಟುವ ತನಕ ಇನ್ನೊಂದು ಸಾಲಿಗೆ ದಾಟುವುದೇ ಇಲ್ಲ. ಒಂದೇ ಸಾಲಿನ ಅಕ್ಕಪಕ್ಕದ ನಳಿಕೆಗಳ ನಡುವೆ ಗಿಡ್ಡ ಕೊಂಡಿ, ಸಾಲಿನಿಂದ ಸಾಲಿಗೆ ಉದ್ದ ಕೊಂಡಿ. ದೊಡ್ಡ ಕಿರಣದ ಬುಡದಲ್ಲಿ ಸುಮಾರು 500 ನಳಿಕೆಗಳ ತನಕ ಇರುತ್ತವೆ. ತುದಿಯ ಕಡೆ ಹೋದಂತೆ ಕಮ್ಮಿಯಾಗುತ್ತಾ ಹೋಗುತ್ತವೆ. ಅದಕ್ಕೇ ಕಿರಣ ತುದಿಯಲ್ಲಿ ಚೂಪು. ಹಾಗಾಗಿ ಎರಡು ಚಿತ್ರ ಹೋಲಿಸುವಾಗ ಎರಡೂ ಬುಡದವೇ ಎಂದು ಖಾತ್ರಿ ಮಾಡಿಕೊಳ್ಳಿ. ಒಂದರ ತುದಿ, ಇನ್ನೊಂದರ ಬುಡ ಇಟ್ಟುಕೊಂಡು ಇವೆರಡೂ ಬೇರೆ ಜಾತಿ ಅನ್ನುವುದರಲ್ಲಿ ಅರ್ಥವಿಲ್ಲ.

ಆಕ್ಟಿನೋಫ್ರಿಸ್‌ನಲ್ಲೂ ಇದೇ ಜೋಡಿ ಸುರುಳಿ. ಸೆಂಟ್ರೋಹೀಲಿಡ್‌ಗಳಲ್ಲಿ ಸುರುಳಿ ಇಲ್ಲ. ಅಲ್ಲಿ ಷಟ್ಕೋನ ಮತ್ತು ತ್ರಿಕೋನಗಳ ವಿನ್ಯಾಸ, ನಳಿಕೆಗಳೂ ಕಮ್ಮಿ. 1977ರಲ್ಲಿ ಕ್ರಿಶ್ಚಿಯನ್ ಬಾರ್ಡೆಲೆ ಎಂಬ ವಿಜ್ಞಾನಿ ಅಕಾಂಥೋಸಿಸ್ಟಿಸ್, ರಾಫಿಡಿಯೋಫ್ರಿಸ್, ಹೆಟೆರೋಫ್ರಿಸ್ ಮೂರರ ಕಿರಣಗಳನ್ನೂ ಪಕ್ಕಪಕ್ಕ ಇಟ್ಟು ಈ ವಿನ್ಯಾಸವನ್ನು ಬಿಡಿಸಿ ತೋರಿಸಿದರು. ಪೆಡಿನೆಲಿಡ್ ಎಂಬ ಪುಟ್ಟ ಜೀವಿಗಳಲ್ಲಿ ಒಂದು ಕಿರಣಕ್ಕೆ ಮೂರೇ ನಳಿಕೆ. ಅವು ಹೊರಡುವುದು ನ್ಯೂಕ್ಲಿಯಸ್ಸಿನ ಪೊರೆಯಿಂದ. ಕ್ಲಾತ್ರುಲೈನಾದಲ್ಲಿ ನಳಿಕೆಗಳಿಗೆ ಅಂಥ ಶಿಸ್ತೇನೂ ಇಲ್ಲ, ಹೇಗೆ ಬೇಕೋ ಹಾಗೆ ಸೇರಿಕೊಂಡಿರುತ್ತವೆ.

ಚಿತ್ರ ತೆಗೆಯುವ ಮುಂಚೆ ಜೀವಿಯನ್ನು ಯಾವ ರಾಸಾಯನಿಕದಲ್ಲಿ, ಎಷ್ಟು ತಂಪಿನಲ್ಲಿ ಫಿಕ್ಸ್ ಮಾಡಿದ್ದಾರೆ, ಅಂದರೆ ಕೆಡದಂತೆ ಇದ್ದ ಹಾಗೇ ನಿಲ್ಲಿಸಿದ್ದಾರೆ ಅನ್ನುವುದನ್ನೂ ಓದಿ. 1963ರ ಸುಮಾರಿಗೆ ಗ್ಲುಟರಾಲ್ಡಿಹೈಡ್ ಬಳಕೆಗೆ ಬಂದ ಮೇಲೆಯೇ ಮೈಕ್ರೋಟ್ಯೂಬ್ಯೂಲ್‌ಗಳು ಎಲ್ಲ ಕಡೆ ಕಾಣತೊಡಗಿದ್ದು. ಅದಕ್ಕೆ ಮುಂಚೆ ತಣ್ಣಗಿನ ಆಸ್ಮಿಯಂ ದ್ರಾವಣದಲ್ಲಿ ಎಷ್ಟೋ ನಳಿಕೆಗಳು ಕರಗಿ ಹೋಗುತ್ತಿದ್ದವು. ತಂಪಿಗೆ ಇವು ಬಿಚ್ಚಿಕೊಳ್ಳುತ್ತವೆ. ಅದನ್ನು ನೀವು ಮನೆಯಲ್ಲೇ ನೋಡಬಹುದು.

ಫ್ರಿಜ್ ಪ್ರಯೋಗ

1967ರಲ್ಲಿ ಕೋಶವಿಜ್ಞಾನಿಗಳಾದ ಲೂಯಿಸ್ ಟಿಲ್ನಿ ಮತ್ತು ಕೀತ್ ಪೋರ್ಟರ್ ಆಕ್ಟಿನೋಸ್ಫೇರಿಯಂ ಅನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಏನಾಗುತ್ತದೆ ಎಂದು ವರದಿ ಮಾಡಿದರು. ಕಿರಣಗಳು ಒಳಗೆ ಹೋದವು, ನಳಿಕೆಗಳು ಮಾಯವಾದವು. ಕೋಣೆಯ ಬಿಸಿಗೆ ತಂದ ಕೆಲವೇ ನಿಮಿಷಗಳಲ್ಲಿ ದಿಂಡು ಮತ್ತೆ ಮೂಡಿತು. 30ರಿಂದ 45 ನಿಮಿಷದಲ್ಲಿ ಕಿರಣಗಳು ಮೊದಲಿನ ಉದ್ದಕ್ಕೆ ಬೆಳೆದವು. ಹೊಸದಾಗಿ ಮೂಡುವ ಕಿರಣದಲ್ಲೂ ಮೊದಲಿನಿಂದಲೇ ಅದೇ ಜೋಡಿ ಸುರುಳಿ.

ಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆ ಹೆಚ್ಚುಕಮ್ಮಿ ಇಷ್ಟೇ ತಂಪಿರುತ್ತದೆ. ಫ್ರೀಜರ್ ಬೇಡ, ಜೀವಿ ಸಾಯುತ್ತದೆ. ಮುಚ್ಚಳವಿರುವ ಪುಟ್ಟ ಗಾಜಿನ ಡಬ್ಬಿಯಲ್ಲಿ ಕೆಲವು ಆಕ್ಟಿನೋಸ್ಫೇರಿಯಂ ಹಾಕಿ, ಜೊತೆಗೆ ಖಾಲಿ ಸ್ಲೈಡ್, ಡ್ರಾಪರ್ ಕೂಡ ಫ್ರಿಜ್ಜಿನಲ್ಲೇ ಇಡಿ. ಇಲ್ಲದಿದ್ದರೆ ಬಿಸಿ ಸ್ಲೈಡ್ ಮೇಲೆ ಹಾಕಿದ ಕೂಡಲೇ ಪ್ರಯೋಗ ಅರ್ಧಕ್ಕೆ ಕೆಡುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ನಮ್ಮ ಮನೆಯಲ್ಲಿ ಇದಕ್ಕೆ ಅತ್ತೆಯ ಒಪ್ಪಿಗೆ ಬೇಕಿತ್ತು. "ಕೆರೆ ನೀರನ್ನ ಹಾಲಿನ ಪಕ್ಕ ಇಡ್ತೀಯೇನೆ?" ಎಂದರು. "ಇಲ್ಲ ಅತ್ತೆ, ಇನ್ನೊಂದು ಡಬ್ಬಿ ಒಳಗೆ ಇಡ್ತೀನಿ, ತರಕಾರಿ ಕಡೆಗೂ ಹೋಗಲ್ಲ" ಎಂದ ಮೇಲೆ ಮೂಲೆಯ ಜಾಗ ಕೊಟ್ಟರು. ಈಗ ಆ ಡಬ್ಬಿಯನ್ನು ಅವರೇ ಕಾಯುತ್ತಾರೆ, ಯಾರೂ ಮುಟ್ಟುವ ಹಾಗಿಲ್ಲ.

ಎರಡು ಮೂರು ಗಂಟೆ ಬಿಟ್ಟು ತೆಗೆಯಿರಿ. ತಣ್ಣನೆಯ ಗಾಜಿನ ಮೇಲೆ ಹಬೆ ಕೂರುತ್ತದೆ, ಸ್ಲೈಡಿನ ಅಡಿಭಾಗ ಟಿಶ್ಯೂ ಕಾಗದದಿಂದ ಒರೆಸಿಕೊಳ್ಳಿ. ಮೊದಲ ನೋಟಕ್ಕೆ ಬರೀ ಉಂಡೆ. ಕಿರಣ ಒಂದೂ ಇಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು ಮೊಂಡು. "ಮೇಡಂ, ಸತ್ತೋಯ್ತಾ?" ಎಂದು ಹುಡುಗರು ಕೇಳುವುದು ಈಗಲೇ. ಕಣ್ಣು ತೆಗೆಯಬೇಡಿ. ಸ್ಲೈಡ್ ಬಿಸಿಯಾದಂತೆ ಅಂಚಿನಲ್ಲಿ ಸಣ್ಣ ಮೊಳಕೆಗಳು ಎದ್ದು, ನೆಟ್ಟಗೆ ಉದ್ದವಾಗುತ್ತಾ ಬರುತ್ತವೆ. ಪ್ರತಿ ಐದು ನಿಮಿಷಕ್ಕೆ ಒಂದು ಫೋಟೊ ತೆಗೆದು ಉದ್ದ ಅಳೆದರೆ ಗ್ರಾಫ್ ಹಾಕಬಹುದು. ಒಳ್ಳೆಯ ಪ್ರಾಜೆಕ್ಟ್.

ಆಗುವುದಿಷ್ಟೇ. ತಂಪಿನಲ್ಲಿ ಟ್ಯೂಬ್ಯುಲಿನ್ ತುಣುಕುಗಳು ನಳಿಕೆಯಿಂದ ಕಳಚಿಕೊಳ್ಳುತ್ತವೆ, ಆದರೆ ಕೋಶ ಬಿಟ್ಟು ಎಲ್ಲೂ ಹೋಗುವುದಿಲ್ಲ. ಬಿಸಿ ಬಂದಾಗ ಅವೇ ಮತ್ತೆ ಜೋಡಿಸಿಕೊಳ್ಳುತ್ತವೆ. ದಿಂಡು ಹೋದರೆ ಕಿರಣ ನಿಲ್ಲುವುದಿಲ್ಲ, ದಿಂಡು ಬಂದರೆ ಕಿರಣ ಬರುತ್ತದೆ.

ಇದೇ ಕೆಲಸವನ್ನು ಕಾಲ್ಚಿಸಿನ್ ಎಂಬ ವಸ್ತುವೂ ಮಾಡುತ್ತದೆ. ಅದು ನಮ್ಮ ಬೇಲಿಗಳಲ್ಲಿ ಬೆಳೆಯುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜದಲ್ಲಿದೆ. ಹಾಗಂತ ಗೆಡ್ಡೆ ಜಜ್ಜಿ ರಸ ಹಾಕಿ ನೋಡೋಣ ಎಂದು ಹೊರಡಬೇಡಿ. ಅದು ಮನುಷ್ಯರ ಪ್ರಾಣ ತೆಗೆಯುವಷ್ಟು ವಿಷ. ಫ್ರಿಜ್ ಸಾಕು.

ದಿಂಡನ್ನು ಹೊಳೆಸುವುದು

ನಳಿಕೆಗಳೆಲ್ಲ ಒಂದೇ ದಿಕ್ಕಿಗೆ ಜೋಡಿಸಿರುವುದರಿಂದ ದಿಂಡು ಧ್ರುವೀಕೃತ ಬೆಳಕಿನಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ, ಹೊಳೆಯುತ್ತದೆ. ಕೆಟ್ಟುಹೋದ ಕ್ಯಾಲ್ಕುಲೇಟರ್‌ನ ಪರದೆಯಿಂದ ಪೋಲರೈಸರ್ ಹಾಳೆ ಬಿಡಿಸಿ ಎರಡು ತುಂಡು ಮಾಡಿ. ಒಂದು ಬೆಳಕಿನ ಮೇಲೆ, ಇನ್ನೊಂದು ಐಪೀಸ್ ಮೇಲೆ. ಮೇಲಿನದನ್ನು ತಿರುಗಿಸುತ್ತಾ ಹೋದರೆ ಒಂದು ಕಡೆ ಪೂರ್ತಿ ಕತ್ತಲಾಗುತ್ತದೆ. ವ್ಯವಸ್ಥೆ ಸರಿಯಿದೆಯೇ ಎಂದು ತಿಳಿಯಲು ಆಲೂಗೆಡ್ಡೆ ಕೆರೆದ ನೀರಿನ ಹನಿ ಹಾಕಿ. ಪಿಷ್ಟದ ಕಾಳುಗಳು ಕಪ್ಪು ಶಿಲುಬೆ ಗುರುತಿನೊಂದಿಗೆ ಹೊಳೆದರೆ ಎಲ್ಲ ಸರಿ. ಪ್ಲಾಸ್ಟಿಕ್ ಡಬ್ಬಿ, ಪ್ಲಾಸ್ಟಿಕ್ ಸ್ಲೈಡ್ ತಾವೇ ಹೊಳೆಯುತ್ತವೆ, ಗಾಜೇ ಬೇಕು.

ಆಕ್ಟಿನೋಸ್ಫೇರಿಯಂನ ಹೊಳಪು ಪಿಷ್ಟದಷ್ಟು ಜೋರಿಲ್ಲ. ಕೋಣೆ ಕತ್ತಲು ಮಾಡಿ, ಬೆಳಕು ಪೂರ್ತಿ ಏರಿಸಿ, ಕಣ್ಣು ಕತ್ತಲಿಗೆ ಹೊಂದುವ ತನಕ ಕಾಯಿರಿ. ಎರಡು ಹಾಳೆಗಳ ದಿಕ್ಕಿಗೆ ಓರೆಯಾಗಿರುವ ಕಿರಣಗಳು ಮಾತ್ರ ಹೊಳೆಯುತ್ತವೆ, ನೇರವಾಗಿರುವವು ಕಪ್ಪು. ಮುಖ್ಯ ಲಾಭ ಏನೆಂದರೆ, ಹೊಳಪು ಮೈಯೊಳಗೆ ಎಲ್ಲಿಯ ತನಕ ಹೋಗಿ ನಿಲ್ಲುತ್ತದೋ ಅದೇ ಬುಡ. ಫ್ರಿಜ್ಜಿನಿಂದ ತೆಗೆದ ಜೀವಿಯಲ್ಲಿ ಈ ಹೊಳಪು ಇರುವುದಿಲ್ಲ. ಸಣ್ಣ ಸೆಂಟ್ರೋಹೀಲಿಡ್‌ಗಳಿಗೆ ಈ ಉಪಾಯ ಹಿಡಿಯುವುದಿಲ್ಲ, ದಿಂಡು ತೀರ ತೆಳು.

ವೇಷಧಾರಿಗಳು

ನ್ಯೂಕ್ಲಿಯೇರಿಯಾ ಮತ್ತು ಪೊಂಫೋಲಿಕ್ಸೋಫ್ರಿಸ್ ಎರಡೂ ದುಂಡಗಿದ್ದು ಸುತ್ತ ಎಳೆಗಳನ್ನು ಚಾಚಿರುತ್ತವೆ. ಆದರೆ ಎಳೆಯೊಳಗೆ ಮೈಕ್ರೋಟ್ಯೂಬ್ಯೂಲ್ ಇಲ್ಲ. ಇವೇ ನಾನು ಮೊದಲು ಹೇಳಿದ, ಶಿಲೀಂಧ್ರದ ಕಡೆಯವು. ಪಾಚಿ ಎಳೆಗಳನ್ನು ತೂತು ಮಾಡಿ ಹೀರುವ ಕಿತ್ತಳೆ ಬಣ್ಣದ ವ್ಯಾಂಪೈರೆಲ್ಲಾ ಕೂಡ ಹೀಗೆ ಮೋಸ ಮಾಡುತ್ತದೆ, ಅದರ ವಂಶ ರೈಜೇರಿಯಾ. ಗುರುತಿಸುವುದು ಹೇಗೆ? ಐದು ನಿಮಿಷ ಸುಮ್ನೆ ನೋಡುತ್ತಾ ಇರಿ. ಎಳೆ ಬಾಗಿದರೆ, ಕವಲೊಡೆದರೆ, ಮೈಯ ಆಕಾರ ಅಮೀಬಾದ ಹಾಗೆ ಬದಲಾದರೆ ಅದರೊಳಗೆ ದಿಂಡಿಲ್ಲ. ಪೊಂಫೋಲಿಕ್ಸೋಫ್ರಿಸ್ ಮೈ ಸುತ್ತ ಸಿಲಿಕಾದ ದುಂಡು ಮಣಿಗಳು ಇರುತ್ತವೆ, ಚಪ್ಪಟೆ ಚಕ್ಕೆಗಳಲ್ಲ.

ಊಟದ ಹೊತ್ತು ಸಿಕ್ಕರೆ ಇನ್ನೂ ಸುಲಭ. ನಿಜವಾದ ಕಿರಣಕ್ಕೆ ಸಿಲಿಯೇಟ್ ಒಂದು ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ, ಒದ್ದಾಡುತ್ತದೆ, ಪಕ್ಕದ ಕಿರಣಕ್ಕೂ ತಾಗಿ ಮತ್ತಷ್ಟು ಸಿಕ್ಕಿಬೀಳುತ್ತದೆ. ಆಮೇಲೆ ಆ ಕಿರಣಗಳು ಗಿಡ್ಡವಾಗುತ್ತಾ ಬಂದು ಬೇಟೆಯನ್ನು ಮೈಗೆ ಎಳೆದುಕೊಳ್ಳುತ್ತವೆ. ಬೇಟೆ ದೊಡ್ಡದಾದರೆ ಎರಡು ಮೂರು ಆಕ್ಟಿನೋಫ್ರಿಸ್ ಒಂದಕ್ಕೊಂದು ಬೆಸೆದುಕೊಂಡು ಒಟ್ಟಿಗೆ ಉಣ್ಣುತ್ತವೆ. ಅಂಥ ಹೊತ್ತಿನಲ್ಲಿ ಅಳತೆ ತೆಗೆಯಬೇಡಿ, ಗಾತ್ರವೂ ನ್ಯೂಕ್ಲಿಯಸ್ ಲೆಕ್ಕವೂ ತಪ್ಪುತ್ತದೆ.

ನನಗೆ ಫೋಟೊ ಕಳಿಸುವವರು ಮುಂದಿನ ಸಲ ಮೂರು ಫೋಟೊ ಕಳಿಸಿ: ತುದಿಗೆ ಫೋಕಸ್ ಇಟ್ಟದ್ದೊಂದು, ಮೈಯ ಅಂಚಿಗೆ ಇಟ್ಟದ್ದೊಂದು, ಒತ್ತಿದ ಮೇಲೆ ನಡುವಿಗೆ ಇಟ್ಟದ್ದೊಂದು. ಜೊತೆಗೆ ಯಾವ ಲೆನ್ಸ್, ಮೈಯ ಅಳತೆ, ನೀರು ತಂದ ದಿನ, ಯಾವ ಗಿಡದಿಂದ ಹಿಂಡಿದ್ದು ಎಂದು ಬರೆಯಿರಿ. ನ್ಯೂಕ್ಲಿಯಸ್ ಎಲ್ಲಿದೆ ಎಂದು ಪೆನ್ಸಿಲ್ಲಿನಲ್ಲಿ ಒಂದು ಚಿತ್ರ ಬರೆದರೆ ಇನ್ನೂ ಒಳ್ಳೆಯದು, ಚಿತ್ರ ಚಂದ ಇರಬೇಕಿಲ್ಲ. ಉಳಿದ ನೀರನ್ನು ತಂದ ಕೆರೆಗೇ ಚೆಲ್ಲಿ, ಇಲ್ಲವಾದರೆ ಒಣ ನೆಲಕ್ಕೆ ಸುರಿಯಿರಿ. ಒಂದು ಕೆರೆಯ ಗಿಡ ಇನ್ನೊಂದು ಕೆರೆಗೆ ಹೋಗುವುದು ಬೇಡ.